ಗೋಡೆ ನೋಡಿ ಲೆನ್ಸ್ ಕೊಳ್ಳಿರಿ

ಮೂವತ್ತೆಂಟು ವರ್ಷ ಹೊಸಪೇಟೆ, ಕಂಪ್ಲಿ, ಸಂಡೂರು ಸೀಮೆಯಲ್ಲಿ ಮದುವೆ ಫೋಟೋ ತೆಗೆದವನು ನಾನು. ಈಗ ಮಂಡಿ ಸವೆದು ಮನೆಯಲ್ಲಿ ಕೂತಿದ್ದೇನೆ. ಈ ಕಸುಬಿಗೆ ಹೊಸದಾಗಿ ಬರುವವರು ಹುಡುಕಿಕೊಂಡು ಬಂದು ಒಂದೇ ಪ್ರಶ್ನೆ ಕೇಳುತ್ತಾರೆ: ಯಾವ ಲೆನ್ಸ್ ತಗೊಳ್ಳಲಿ? ಬೆಳಕು ಹೇಗೆ ನೋಡಬೇಕು, ಅಳುವ ಮದುಮಗಳ ಮುಂದೆ ಎಷ್ಟು ದೂರ ನಿಲ್ಲಬೇಕು, ಇದನ್ನು ಒಬ್ಬನಾದರೂ ಕೇಳಬೇಕಲ್ಲ? ಇಲ್ಲ. ಲೆನ್ಸ್, ಲೆನ್ಸ್, ಲೆನ್ಸ್. ಕೇಳಿ ಕೇಳಿ ನನಗೆ ಮೈಯೆಲ್ಲ ಉರಿಯುತ್ತದೆ.

ಹೋದ ತಿಂಗಳು ನನ್ನ ತಂಗಿಯ ಮಗಳು ರೇಣುಕಾ ಸಂಡೂರು ಕಡೆಯ ವಡ್ಡು ಎಂಬ ಊರಿನಿಂದ ಬಂದಳು. ಫೋಟೋ ಕೆಲಸ ಶುರು ಮಾಡಿ ಒಂದು ವರ್ಷವಾಗಿದೆ. ಕೈ ಚೆನ್ನಾಗಿದೆ, ಕಣ್ಣು ಇನ್ನೂ ಚೆನ್ನಾಗಿದೆ. ಕ್ಯಾಮೆರಾ ಜೊತೆ ಬಂದ ಸಣ್ಣ ಲೆನ್ಸಿನಲ್ಲೇ ಇದುವರೆಗೆ ದಬ್ಬಿದ್ದಾಳೆ. ಬಂದವಳೇ ಮೊಬೈಲು ಮುಂದೆ ಹಿಡಿದಳು.

‘ಮಾಮಾ, ಇಪ್ಪತ್ನಾಲ್ಕು-ಎಪ್ಪತ್ತು ಲೆನ್ಸ್ ತಗೊಬೇಕಂತ ಮಾಡೀನಿ. ನೋಡಾಕ ಮಸ್ತ್ ಐತಿ.’

‘ನೋಡಾಕ ಮಸ್ತ್ ಇದ್ರ ಗೋಡಿಗೆ ಮೊಳಿ ಹೊಡದು ನೇತು ಹಾಕು. ನಿನ್ನ ಕ್ಯಾಮೆರಾ ಕ್ರಾಪ್ ಸೆನ್ಸರ್ ಅಲ್ಲೇನಲೇ?’

‘ಹೌದು. ಅಂಗಡ್ಯಾವರು ಅದಕ್ಕೂ ಕುಂದ್ರತೈತಿ ಅಂದ್ರು.’

‘ಕುಂದ್ರತೈತಿ. ಎಮ್ಮಿ ಮ್ಯಾಲೂ ಮನುಷ್ಯಾ ಕುಂದ್ರತಾನ. ಹೋಗ್ಲಿ, ಮುಂದಿನ ಮದುವಿ ಎಲ್ಲಿ?’

‘ಕಂಪ್ಲಿಯಾಗ. ಅಕ್ಕಿ ಮಿಲ್ಲಿನ ಗೌರಮ್ಮನವರ ಮನಿ. ಮೊಮ್ಮಗಳ ಮದುವಿ.’

ನಾನು ಚಹದ ಲೋಟ ಕೆಳಗಿಟ್ಟೆ. ಅದೇ ಮನೆ, ಅದೇ ಲೆನ್ಸ್! ಗೌರಮ್ಮನವರಿಗೆ ನಾನು ಹೇಳಬೇಕಾದ ಒಂದು ನಿಜ ಹದಿಮೂರು ವರ್ಷದಿಂದ ನನ್ನಲ್ಲೇ ಉಳಿದಿತ್ತು. ಅದನ್ನು ಹೇಳದೆ ಸತ್ತರೆ ಸಾಕಪ್ಪಾ ಎಂದುಕೊಂಡಿದ್ದವನು ನಾನು. ಈ ಹುಡುಗಿ ನೇರವಾಗಿ ಅಲ್ಲಿಗೇ ಹೊರಟಿದ್ದಳು, ನಾನು ಮಾಡಿದ ತಪ್ಪನ್ನೇ ಕೈಯಲ್ಲಿ ಹಿಡಿದುಕೊಂಡು.

ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಓದುವವರು ಓದಿ, ಬಿಡುವವರು ಬಿಡಿ.

ನಾನು ಕೆಲಸ ಕಲಿತದ್ದು ಈರಣ್ಣನವರ ಸ್ಟುಡಿಯೋದಲ್ಲಿ. ರೀಲಿನ ಕಾಲ. ಈರಣ್ಣನವರ ಬಾಯಿ ಕೆಟ್ಟದ್ದು, ಕೈ ಅದಕ್ಕಿಂತ ಜೋರು. ಪಾಪಿನಾಯಕನಹಳ್ಳಿಯ ಒಂದು ಮದುವೆಯಲ್ಲಿ ನಾನು ಮದುಮಗನ ಪಾದ ಕತ್ತರಿಸಿ ಫೋಟೋ ತೆಗೆದಿದ್ದೆ. ತೊಳೆದ ಪ್ರಿಂಟು ನೋಡಿ ತಲೆಗೆ ಒಂದು ಬಿಟ್ಟರು. ‘ಮನುಷ್ಯಾರನ್ನ ಕಡದು ತಂದೀಯೇನಲೇ? ನೀ ಫೋಟೋದಾವನೋ ಕಟುಕನೋ?’ ಅಂದರು. ಆ ಪೆಟ್ಟು ನನಗೆ ಈಗಲೂ ನೆನಪಿದೆ.

ಮದುವೆಯ ಹಿಂದಿನ ದಿನ ಅವರು ಬಸ್ಸು ಹತ್ತಿ ಮದುವೆ ಮನೆಗೆ ಹೋಗುತ್ತಿದ್ದರು, ಕ್ಯಾಮೆರಾ ಒಂದು ಹೆಗಲಿಗೆ, ನಾನು ಹಿಂದೆ. ನಮ್ಮ ಕಡೆ ಮಂಟಪಕ್ಕೆ ಹೊರಡುವ ಮೊದಲು ಮನೆಯಲ್ಲಿ ಸುರಗಿ ಶಾಸ್ತ್ರ ಮಾಡಿ, ನೂಲು ಸುತ್ತಿದ ತಂಬಿಗೆಗಳ ನಡುವೆ ಕೂಡಿಸಿ ಮದುಮಗಳಿಗೆ ಅರಿಶಿಣದ ನೀರು ಹಾಕಿ, ಆಮೇಲೆ ಮನೆಮಂದಿಯೆಲ್ಲ ಪಡಸಾಲೆಯಲ್ಲಿ ಕೂಡಿ ಒಂದು ಫೋಟೋ ತೆಗೆಸಿಕೊಳ್ಳುತ್ತಾರೆ. ಗೋಡೆಗೆ ಏರುವುದು ಆ ಫೋಟೋ. ಈರಣ್ಣನವರು ಪಡಸಾಲೆಗೆ ಹೋಗಿ ಎದುರು ಗೋಡೆಗೆ ಬೆನ್ನು ಹಚ್ಚಿ ನಿಂತು ಕ್ಯಾಮೆರಾದಲ್ಲಿ ನೋಡುತ್ತಿದ್ದರು. ಈ ಮೂಲೆಯಿಂದ ಆ ಮೂಲೆ ಕಾಣುತ್ತದೋ ಇಲ್ಲವೋ, ಅಷ್ಟೇ. ಜನ ನಗುತ್ತಿದ್ದರು. ‘ಈರಣ್ಣ ಬೆನ್ನು ತಿಕ್ಕೊಳ್ಳಾಕ ಬಂದಾನ ನೋಡ್ರಪಾ’ ಅನ್ನುತ್ತಿದ್ದರು. ಅವರ ಹತ್ತಿರ ಇದ್ದದ್ದು ಇಪ್ಪತ್ತೆಂಟು ಮಿಲಿಮೀಟರಿನ ಒಂದು ಹಳೆಯ ಲೆನ್ಸ್. ಲೆನ್ಸಿನ ಈ ಸಂಖ್ಯೆ ಸಣ್ಣದಾದಷ್ಟು ಹೆಚ್ಚು ಅಗಲ ಕಾಣುತ್ತದೆ. ಅದರಲ್ಲಿ ಬೀಗರು, ಮಕ್ಕಳು, ಕಂಬ, ಕಂಬದ ಹಿಂದಿನ ಬೆಕ್ಕು ಎಲ್ಲವೂ ಬರುತ್ತಿದ್ದವು.

‘ಮಲ್ಲ್ಯಾ, ಮೊದ್ಲ ಗೋಡಿ ನೋಡು, ಆಮ್ಯಾಲ ಮಾರಿ ನೋಡು’ ಅನ್ನುತ್ತಿದ್ದರು. ಮಲ್ಲಿಕಾರ್ಜುನ ಎಂಬ ನನ್ನ ಹೆಸರನ್ನು ಅವರು ಒಮ್ಮೆಯೂ ಪೂರ್ತಿ ಕರೆಯಲಿಲ್ಲ. ಅವರ ಮಾತನ್ನು ನಾನೂ ಪೂರ್ತಿ ಉಳಿಸಿಕೊಳ್ಳಲಿಲ್ಲ.

ಅವರು ತೀರಿಕೊಂಡು, ರೀಲು ಹೋಗಿ, ಡಿಜಿಟಲ್ ಬಂತು. ನಮ್ಮಂಥವರ ಕೈಗೆ ಎಟುಕಿದ್ದು ಕ್ರಾಪ್ ಸೆನ್ಸರ್ ಕ್ಯಾಮೆರಾ. ಅದರೊಳಗಿನ ಸೆನ್ಸರ್ ಹಳೆಯ ರೀಲಿಗಿಂತ ಸಣ್ಣದು. ಅದೇ ಕಿಟಕಿಗೆ ಸುತ್ತ ರಟ್ಟು ಅಂಟಿಸಿ ಹೊರಗೆ ನೋಡಿದಂತೆ ಅಂದುಕೊಳ್ಳಿ. ಲೆನ್ಸ್ ಮೇಲೆ ಬರೆದ ಸಂಖ್ಯೆಗೆ ಅದರ ಅರ್ಧ ಸೇರಿಸಿ ಓದಬೇಕು. ಇಪ್ಪತ್ನಾಲ್ಕು ಎಂದು ಬರೆದದ್ದು ರೀಲಿನ ಲೆಕ್ಕದಲ್ಲಿ ಮೂವತ್ತಾರಾಗುತ್ತದೆ. ಹದಿನೆಂಟು ಇಪ್ಪತ್ತೇಳಾಗುತ್ತದೆ, ಅಂದರೆ ಹೆಚ್ಚುಕಡಿಮೆ ಈರಣ್ಣನವರ ಲೆನ್ಸು. ಕ್ಯಾಮೆರಾ ಜೊತೆ ಪುಕ್ಕಟೆಯಂತೆ ಬರುತ್ತಿದ್ದ ಪ್ಲಾಸ್ಟಿಕ್ಕಿನ ಹದಿನೆಂಟು-ಐವತ್ತೈದರಲ್ಲಿ ಅದು ಇತ್ತು. ಅಂಗಡಿಯವರು ಇದನ್ನು ಹೇಳುತ್ತಾರೆಯೇ? ಹೇಳಿದರೆ ಅವರ ದೊಡ್ಡ ಲೆನ್ಸ್ ಕೊಳ್ಳುವವರು ಯಾರು?

ನಾನು ಮೊದಲು ಮಾಡಿದ ಘನಕಾರ್ಯವೆಂದರೆ ಹದಿನೆಂಟರಿಂದ ಇನ್ನೂರರವರೆಗೆ ಎಳೆಯುವ ಒಂದೇ ಜೂಮ್ ಕೊಂಡದ್ದು. ‘ಒಂದ ಲೆನ್ಸ್ ಸಾಕ್ರಿ, ಚೀಲ ಹಗುರ’ ಅಂದ ಅಂಗಡಿಯವ. ಅದನ್ನು ತೆಗೆದುಕೊಂಡು ಸಂಡೂರು ಕಡೆಯ ಒಂದು ಮದುವೆಗೆ ಹೋದೆ. ರಸ್ತೆ ಪಕ್ಕದಲ್ಲೇ ಪೆಂಡಾಲು, ಅದಿರು ಲಾರಿ ಒಂದರ ಹಿಂದೆ ಒಂದು. ಕೆಂಪು ಧೂಳು ಪಾಯಸದ ಮೇಲೂ ಇತ್ತು. ಆ ಜೂಮ್ ಪ್ರತಿ ಸಲ ಮುಂದೆ ಚಾಚಿದಾಗ ಹೊರಗಿನ ಗಾಳಿಯನ್ನು ಒಳಗೆ ಎಳೆದುಕೊಳ್ಳುತ್ತದೆ, ಗಾಳಿಯ ಜೊತೆ ಧೂಳನ್ನೂ. ಸಾಲದ್ದಕ್ಕೆ ಎದುರಿನ ಗಾಜಿನ ಮೇಲೆ ಕೆಂಪಗೆ ಕೂತಿತ್ತು. ನಮ್ಮ ಕಡೆಯವರ ಅಭ್ಯಾಸ ನಿಮಗೆ ಗೊತ್ತಲ್ಲ, ಮುಖಕ್ಕೆ ಅದಿರು ಕೂತರೆ ಟವಲು ಒದ್ದೆ ಮಾಡಿ ತಿಕ್ಕುವುದು. ನಾನು ಹೆಡ್ಡ, ಗಾಜಿಗೂ ಅದನ್ನೇ ಮಾಡಿದೆ. ಅದಿರು ಅಂದರೆ ಕಬ್ಬಿಣ ಕಣ್ರೀ. ಗಾಜಿನ ತುಂಬ ಗೀರು.

ಆಮೇಲೆ ಬೆಳಕಿನ ಎದುರು ತೆಗೆದ ಒಂದೊಂದು ಫೋಟೋದಲ್ಲೂ ಬಿಳಿ ಮಬ್ಬು. ಮದುಮಗಳ ಅಪ್ಪ ಆಲ್ಬಮ್ ತಿರುವಿ, ‘ಏನ್ರೀ, ಎಲ್ಲಾರೂ ಹೊಗಿಯಾಗ ನಿಂತಂಗ ಅದಾರಲ್ಲ?’ ಅಂದರು.

‘ಈಗ ಇದ ಸ್ಟೈಲ್ ರೀ’ ಅಂದೆ.

ನಂಬಿದರು. ಈ ನಾಲಿಗೆ ಆವತ್ತೇ ಸೀದು ಹೋಗಬೇಕಿತ್ತು. ಒಂದು ಸುಳ್ಳು ಸಲೀಸಾಗಿ ದಾಟಿತು ಅಂದರೆ ಮುಂದಿನದಕ್ಕೆ ದಾರಿ ತಾನೇ ಆಗುತ್ತದೆ. ನೀವು ಸಂಡೂರಿನಲ್ಲಿ ಕೆಲಸ ಮಾಡುವವರಾದರೆ ಮೊದಲು ರಬ್ಬರ್ ಬುರುಡೆಯಿಂದ ಗಾಳಿ ಊದಿ, ಆಮೇಲೆ ಮೆತ್ತನೆ ಬ್ರಷ್ಷು, ಬಟ್ಟೆ ಎಲ್ಲಕ್ಕೂ ಕೊನೆಗೆ. ಇಷ್ಟು ಹೇಳಿಕೊಡುವವರು ನನಗೆ ಯಾರೂ ಇರಲಿಲ್ಲ. ಇದ್ದರೂ ನಾನು ಕೇಳುತ್ತಿದ್ದೆನೋ ಇಲ್ಲವೋ.

ಗೀರು ಬಿದ್ದ ಲೆನ್ಸನ್ನು ಮೂಲೆಗೆ ಎಸೆದು ಮತ್ತೆ ಪ್ಲಾಸ್ಟಿಕ್ಕಿನ ಹದಿನೆಂಟಕ್ಕೇ ಬಂದೆ. ಆಗ ಗಣಿಯ ದುಡ್ಡು ಮದುವೆಗಳಲ್ಲಿ ಕುಣಿಯುತ್ತಿದ್ದ ಕಾಲ. ಹೊಸಪೇಟೆಯ ಒಂದು ದೊಡ್ಡ ಮದುವೆಗೆ ನಮ್ಮನ್ನೆಲ್ಲ ಕರೆದರು. ಮದುವೆ ವ್ಯವಸ್ಥೆ ಹೊತ್ತ ಮನುಷ್ಯ, ಕೂಲಿಂಗ್ ಗ್ಲಾಸಿನವನು, ನಮ್ಮ ಆಲ್ಬಮ್ ಮುಟ್ಟಿಯೂ ನೋಡಲಿಲ್ಲ. ‘ಲೆನ್ಸ್ ತೆಗದು ಟೇಬಲ್ ಮ್ಯಾಲ ಇಡ್ರಿ’ ಅಂದ. ಸಂತೆಯಲ್ಲಿ ಮೂಲಂಗಿ ಆರಿಸಿದಂತೆ ಉದ್ದನೆಯವನ್ನು ಆರಿಸಿದ. ನನ್ನದರ ಹತ್ತಿರ ಬಂದು, ‘ಇದು ನಮ್ಮ ಅಕ್ಕನ ಮಗನ ಕೊರಳಾಗೂ ಐತಲ್ರೀ’ ಅಂದು ನಕ್ಕ. ಜೊತೆಗಿದ್ದವರೂ ನಕ್ಕರು. ನನ್ನ ಫೋಟೋ ನೋಡಿ ಬೈದಿದ್ದರೆ ಬೈಸಿಕೊಳ್ಳುತ್ತಿದ್ದೆ.

ಮರುವಾರವೇ ಇಪ್ಪತ್ನಾಲ್ಕು-ಎಪ್ಪತ್ತು ಕೊಂಡೆ. ದೊಡ್ಡ ಸೆನ್ಸರಿನ ಕ್ಯಾಮೆರಾಕ್ಕೆಂದು ಮಾಡಿದ ಲೆನ್ಸ್ ಅದು, ಒಂದು ಮುದ್ದೆ ಕಬ್ಬಿಣದಷ್ಟು ಭಾರ. ಹಂಪಿಗೆ ಒಯ್ದು ಜೋಡಿಗಳ ಫೋಟೋ ತೆಗೆದೆ. ಸುಳ್ಳೇಕೆ ಹೇಳಲಿ, ಅದ್ಭುತವಾಗಿ ಬಂದವು. ಹೇಮಕೂಟದ ಬಂಡೆಯ ಮೇಲೆ ನಿಂತವನಿಗೆ ಹಿಂದೆ ಸರಿಯಲು ಜಾಗಕ್ಕೇನು ಬರ? ಅಗಲ ಸಾಲದಿದ್ದರೆ ನಾಲ್ಕು ಹೆಜ್ಜೆ ಹಿಂದೆ ಹೋದರಾಯಿತು. ನನಗೆ ಸೊಕ್ಕಿನಿಂದ ತಲೆ ತಿರುಗಿತು. ಗೋಡೆ ನೋಡುವ ಪದ್ಧತಿಯನ್ನು ಬಿಟ್ಟೇಬಿಟ್ಟೆ.

ಆಗ ಬಂತು ಕಂಪ್ಲಿಯ ಮದುವೆ. ಅಕ್ಕಿ ಮಿಲ್ಲಿನ ಚೆನ್ನಬಸಪ್ಪನವರ ಕೊನೆಯ ಮಗಳದು. ಚೆನ್ನಬಸಪ್ಪನವರು ಗೌರಮ್ಮನವರ ಯಜಮಾನರು. ಆ ಹೊತ್ತಿಗೆ ಕಾಯಿಲೆ ಅವರನ್ನು ಹಿಂಡಿ ಹಾಕಿತ್ತು. ಮಂಟಪಕ್ಕೆ ಹೋಗುವಂತಿಲ್ಲ ಎಂದು ಡಾಕ್ಟರು ಹೇಳಿದ್ದರು. ಮಗಳ ಮದುವೆಯಲ್ಲಿ ಅವರು ಇರಬಹುದಾಗಿದ್ದ ಫೋಟೋ ಒಂದೇ, ಸುರಗಿ ಮುಗಿದ ಮೇಲೆ ಪಡಸಾಲೆಯಲ್ಲಿ ತೆಗೆಯುವುದು. ಗೌರಮ್ಮನವರು ನನಗೆ ಮೂರು ಸಲ ಹೇಳಿದ್ದರು: ‘ಮಲ್ಲಣ್ಣ, ಇದೊಂದು ಚಂದಾಗಿ ತಗೀರಿ. ಅವರು ಅಲ್ಲಿಗೆ ಬರೂದಿಲ್ಲ.’

ಪಡಸಾಲೆ ಉದ್ದ, ಅಗಲ ಕಡಿಮೆ. ಸಾಲದ್ದಕ್ಕೆ ಎದುರು ಗೋಡೆಯುದ್ದಕ್ಕೂ ಮದುವೆಯ ಅಕ್ಕಿ ಮೂಟೆ ಒಟ್ಟಿದ್ದರು. ಹಿಂದಿನ ದಿನ ಬಂದು ನೋಡಿದ್ದರೆ ಮೂಟೆ ತೆಗೆಸಬಹುದಿತ್ತು. ಬಂದಿರಲಿಲ್ಲ. ಚೆನ್ನಬಸಪ್ಪನವರನ್ನು ಕುರ್ಚಿ ಸಮೇತ ಎತ್ತಿ ತಂದು ಸಾಲಿನ ಎಡತುದಿಯಲ್ಲಿ ಕೂಡಿಸಿದರು. ಮಲಗುವ ಕೋಣೆಯ ಬಾಗಿಲು ಅಲ್ಲೇ, ತಿರುಗಿ ಒಯ್ಯಲು ಸುಲಭವೆಂದು. ನಾನು ಮೂಟೆಗೆ ಬೆನ್ನು ಒತ್ತಿ ನೋಡಿದೆ. ಎಡಗಡೆಯ ಕುರ್ಚಿ ಒಳಗೆ ಬರಲಿಲ್ಲ. ‘ಒಳಗ ಸರೀರಿ, ಇನ್ನಷ್ಟು ಒಳಗ’ ಅಂದೆ. ನಿಂತವರು ಒತ್ತಿ ನಿಂತು ಕುರ್ಚಿಯನ್ನೂ ಒಳಗೆ ಸರಿಸಿದರು. ಆದರೂ ಬರಲಿಲ್ಲ.

ಪ್ಲಾಸ್ಟಿಕ್ಕಿನ ಹದಿನೆಂಟು ಚೀಲದೊಳಗೆ ಇತ್ತು. ಚೀಲ ನನ್ನ ಕಾಲ ಬಳಿಯೇ ಇತ್ತು. ಬದಲಿಸಲು ಅರ್ಧ ನಿಮಿಷ ಸಾಕು. ಆದರೆ ಆ ಸಾಲಿನಲ್ಲಿ ಮದುಮಗಳ ಸೋದರಮಾವನ ಮಗ ನಿಂತಿದ್ದ, ಕೊರಳಲ್ಲಿ ಕ್ಯಾಮೆರಾ, ಕ್ಯಾಮೆರಾಕ್ಕೆ ಅದೇ ಹದಿನೆಂಟು. ಬೆಳಿಗ್ಗೆ ಅವನೇ ನನ್ನ ದೊಡ್ಡ ಲೆನ್ಸ್ ನೋಡಿ, ‘ಏನ್ ಅಣ್ಣಾ ಇದು, ಫಿರಂಗಿ ಇದ್ದಂಗೈತಿ!’ ಅಂದು ನಾಲ್ಕು ಜನರಿಗೆ ತೋರಿಸಿದ್ದ. ಅವನ ಎದುರಿಗೆ ಫಿರಂಗಿ ಬಿಚ್ಚಿ, ಅವನ ಹತ್ತಿರ ಇದ್ದಂಥದೇ ಲೆನ್ಸ್ ಹಾಕುವುದೇ? ಕೂಲಿಂಗ್ ಗ್ಲಾಸಿನವನ ನಗು ಕಿವಿಯಲ್ಲಿ ಕೇಳಿತು. ನನ್ನ ಕೈ ಚೀಲಕ್ಕೆ ಹೋಗಲಿಲ್ಲ.

ಹೊರಗೆ ಗಾಡಿಗಳು ಹಾರ್ನ್ ಹೊಡೆಯುತ್ತಿದ್ದವು. ‘ಜಲ್ದಿ ಮಾಡ್ರಿ, ರಾಹುಕಾಲ ಬರತೈತಿ’ ಎಂದು ಯಾರೋ ಕೂಗಿದರು. ಗದ್ದಲದಲ್ಲಿ ಚೆನ್ನಬಸಪ್ಪನವರು ನನ್ನ ಕಡೆ ನೋಡಿ ಕೇಳಿದರು. ದನಿಯಲ್ಲಿ ಶಕ್ತಿಯೇ ಇರಲಿಲ್ಲ.

‘ನಾ ಬಂದೆನೇನಪಾ?’

‘ಬಂದೀರಿ ಯಜಮಾನ್ರ, ಮಸ್ತ್ ಬಂದೀರಿ’ ಅಂದೆ. ಕ್ಲಿಕ್ಕಿಸಿದೆ.

ಸಂಜೆ ತಿರುಗಿ ಬಂದಾಗ ಅವರದೊಂದು ಬೇರೆ ತೆಗೆದು ಸರಿಮಾಡೋಣ ಎಂದುಕೊಂಡಿದ್ದೆ. ಸಂಜೆ ದಣಿವಾಗಿತ್ತು. ಮಂಟಪದಿಂದಲೇ ಹೊಸಪೇಟೆ ಬಸ್ಸು ಹತ್ತಿದೆ. ಇಪ್ಪತ್ತು ದಿನಕ್ಕೆ ಚೆನ್ನಬಸಪ್ಪನವರು ಹೋದರು.

ಆಲ್ಬಮ್ ಕೊಡಲು ಹೋದಾಗ ಗೌರಮ್ಮನವರು ಒಂದೊಂದೇ ಹಾಳೆ ತಿರುವುತ್ತ ಆ ಫೋಟೋಕ್ಕೆ ಬಂದು ನಿಂತರು. ಎಡತುದಿಯಲ್ಲಿ ಕುರ್ಚಿಯ ಹಿಡಿ, ಹಿಡಿಯ ಮೇಲೆ ಒಂದು ಕೈ, ಕೈಯಲ್ಲಿ ವಾಚು. ಅಷ್ಟೇ.

‘ಇವರೆಲ್ಲಿ?’ ಅಂದರು.

‘ಯಜಮಾನ್ರು ಭಾಳ ಮೂಲಿಗೆ ಕುಂತಿದ್ರಮ್ಮ. ಒಂಚೂರು ಒಳಗ ಸರದಿದ್ರ ಬರತಿದ್ರು.’

ಸತ್ತವರು ಎದ್ದು ಬಂದು ಇಲ್ಲ ಅನ್ನುವುದಿಲ್ಲ ಎಂದು ಗೊತ್ತಿತ್ತಲ್ಲ, ಅದಕ್ಕೇ ಹಾಗೆ ಅಂದೆ. ಕೋತಿ ತಾನು ಮೊಸರು ತಿಂದು ಮೇಕೆಯ ಮೂತಿಗೆ ಒರೆಸಿತು ಅಂತಾರಲ್ಲ, ಅದೇ ಬುದ್ಧಿ. ಗೌರಮ್ಮನವರು ಆಲ್ಬಮ್ ಮುಚ್ಚಿ, ಊಟ ಮಾಡಿಕೊಂಡು ಹೋಗಿ ಅಂದರು. ನಾನು ಉಂಡೂ ಬಂದೆ.

ಹದಿಮೂರು ವರ್ಷ ನಾನು ಅಂಗಡಿಯವನಿಗೆ ಬೈದಿದ್ದೇನೆ, ಕೂಲಿಂಗ್ ಗ್ಲಾಸಿನವನಿಗೆ ಬೈದಿದ್ದೇನೆ, ಲೆನ್ಸಿನ ಉದ್ದ ನೋಡಿ ಕೆಲಸ ಕೊಡುವ ಜನಕ್ಕೆ ಬೈದಿದ್ದೇನೆ. ಈಗಲೂ ಬೈಯುತ್ತೇನೆ, ಅವರೇನು ಸಾಚಾ ಅಲ್ಲ. ಆದರೆ ಚೀಲದ ಜಿಪ್ಪು ಹಿಡಿದುಕೊಂಡು ಅವರು ಯಾರೂ ಕೂತಿರಲಿಲ್ಲ.

ಇಷ್ಟನ್ನೂ ರೇಣುಕಾಗೆ ಹೇಳಲಿಲ್ಲ. ‘ನಡಿ ಕಂಪ್ಲಿಗೆ’ ಅಂದೆ, ಅಷ್ಟೇ. ಹೊಸಪೇಟೆಯ ನನ್ನ ಹಳೆಯ ಗೆಳೆಯನೊಬ್ಬನಿಂದ ಎರಡು ಲೆನ್ಸ್ ಒಂದು ದಿನಕ್ಕೆ ಇಸಿದುಕೊಂಡೆವು. ಒಂದು ಅವಳ ಆಸೆಯ ಇಪ್ಪತ್ನಾಲ್ಕು-ಎಪ್ಪತ್ತು. ಇನ್ನೊಂದು ಕ್ರಾಪ್ ಸೆನ್ಸರಿಗೆಂದೇ ಮಾಡಿದ ಹದಿನೇಳು-ಐವತ್ತು. ಎರಡರಲ್ಲೂ ಎಫ್ ಎರಡು ಪಾಯಿಂಟ್ ಎಂಟು, ಅಂದರೆ ಬೆಳಕು ಬಿಡುವ ಕಿಂಡಿ ದೊಡ್ಡದು, ಜೂಮ್ ಎಷ್ಟೇ ಎಳೆದರೂ ಬೆಳಕು ಕಡಿಮೆಯಾಗುವುದಿಲ್ಲ. ಕತ್ತಲೆ ಪಡಸಾಲೆಗೆ ಬೇಕಾದದ್ದು ಅದು. ಪ್ಲಾಸ್ಟಿಕ್ಕಿನ ಹದಿನೆಂಟನ್ನು ಬಿಟ್ಟು ಮೇಲೆ ಹೋಗಬೇಕು ಅಂದರೆ ಈ ಬೆಳಕಿಗಾಗಿ ಹೋಗಿ, ಉದ್ದಕ್ಕಾಗಿ ಅಲ್ಲ. ಹೋಗುವಾಗ ಇದ್ದ ಅಗಲವನ್ನು ಕಳೆದುಕೊಳ್ಳಬೇಡಿ. ಲೆನ್ಸಿನ ಮೇಲೆ ಬರೆದ ಮೊದಲ ಸಂಖ್ಯೆ ಓದಿ, ಎರಡನೆಯದನ್ನು ಆಮೇಲೆ ಓದಿ.

ಗೌರಮ್ಮನವರು ಬಾಗಿಲಲ್ಲೇ ಇದ್ದರು. ತಲೆ ಪೂರ್ತಿ ಬೆಳ್ಳಗಾಗಿತ್ತು. ‘ಅಯ್ಯ, ಫೋಟೋದ ಮಲ್ಲಣ್ಣ! ಬರ್ರಿ, ಕುಂದ್ರಿ’ ಅಂದರು. ನನ್ನನ್ನು ಕಂಡು ಅವರಿಗೆ ನಿಜವಾಗಿಯೂ ಸಂತೋಷವಾಗಿತ್ತು. ಅದೇ ನನಗೆ ಸಹಿಸಲಾಗಲಿಲ್ಲ.

ಪಡಸಾಲೆ ಹಾಗೇ ಇತ್ತು. ಈ ಸಲವೂ ಎದುರು ಗೋಡೆಗೆ ಅಕ್ಕಿ ಮೂಟೆ. ರೇಣುಕಾ ಮೂಟೆಗೆ ಬೆನ್ನು ಹಚ್ಚಿ ನಿಂತಳು. ಸಾಲು ಎಲ್ಲಿಂದ ಎಲ್ಲಿಗೆ ಎಂದು ಗುರುತಿಗೆ ನಾನು ಎರಡೂ ತುದಿಗೆ ಕುರ್ಚಿ ಇಡಿಸಿದೆ. ಗೌರಮ್ಮನವರು ಹೇಳದೆ ಕೇಳದೆ ಹೋಗಿ ಎಡಗಡೆಯ ಕುರ್ಚಿಯಲ್ಲಿ ಕೂತರು.

‘ಅಜ್ಜಿ, ನಡುವ ಕುಂದ್ರಿ, ನೀವು ಹಿರೇರು’ ಅಂದಳು ರೇಣುಕಾ.

‘ಇಲ್ಲೇ ಇರಲಿ ಬಿಡವ್ವ. ನನ್ನ ಜಾಗಾ ಇದು.’

ಇಪ್ಪತ್ನಾಲ್ಕರಲ್ಲಿ ನೋಡಿದಳು. ಮುಖ ಸಣ್ಣದು ಮಾಡಿದಳು. ‘ಅಜ್ಜಿ ಬರವಲ್ರು ಮಾಮಾ. ಕೈಯಷ್ಟ ಬರಾಕತ್ತೈತಿ’ ಅಂದಳು. ನಾನು ಇನ್ನೊಂದು ಲೆನ್ಸ್ ಕೈಗಿಟ್ಟೆ. ಹದಿನೇಳಕ್ಕೆ ತಿರುಗಿಸಿದಳು. ಎರಡೂ ಕುರ್ಚಿ, ಬಾಗಿಲು, ಬಾಗಿಲ ಮೇಲಿನ ತೋರಣ, ಎಲ್ಲ ಬಂತು. ತುದಿಯಲ್ಲಿ ಕೂತವರ ಮುಖ ಸ್ವಲ್ಪ ಎಳೆದಂತಾಗುತ್ತದೆ, ಅದಕ್ಕೆ ಅವರನ್ನು ಗೇಣು ಒಳಗೆ ಕೂಡಿಸಬೇಕು ಎಂದು ಹೇಳಿಕೊಟ್ಟೆ. ಕ್ಲಿಕ್ಕಿಸಿದಳು.

‘ನಾ ಬಂದೆನೇನವ್ವ?’ ಅಂದರು ಗೌರಮ್ಮನವರು.

‘ಪೂರಾ ಬಂದೀರಜ್ಜಿ, ಪಾದದ ತನಕ’ ಎಂದು ಅವಳು ಹಿಂದಿನ ಪರದೆ ತೋರಿಸಿದಳು.

ಗೌರಮ್ಮನವರು ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು. ಆಮೇಲೆ ನನ್ನ ಕಡೆ ತಿರುಗಿದರು. ‘ಎಷ್ಟ ಚಂದ ಬಂದೈತಿ. ಇಂಥಾ ಲೆನ್ಸ್ ಆವಾಗಿನ್ನೂ ಬಂದಿರಲಿಲ್ಲ ಅಲ್ರೀ ಮಲ್ಲಣ್ಣ?’

ಹೌದು ಅಂದಿದ್ದರೆ ಮುಗಿಯುತ್ತಿತ್ತು. ಆ ಮಾತನ್ನು ಅವರೇ ನನ್ನ ಬಾಯಿಗೆ ಇಟ್ಟಿದ್ದರು.

‘ಇತ್ತಮ್ಮ’ ಅಂದೆ. ‘ನನ್ನ ಚೀಲದಾಗ ಇತ್ತು. ಇಷ್ಟು ಚಲೋದಲ್ಲ, ಸಣ್ಣದು. ಅದರಾಗ ಯಜಮಾನ್ರು ಬರತಿದ್ರು. ನಾಲ್ಕ ಮಂದಿ ನಗತಾರಂತ ನಾ ತಗೀಲಿಲ್ಲ. ಅವರು ಬಂದೆನೇನು ಅಂತ ಕೇಳಿದ್ರು, ಬಂದೀರಿ ಅಂತ ಸುಳ್ಳು ಹೇಳಿದೆ. ಮೂಲಿಗೆ ಕುಂತಿದ್ದು ಅವರ ತಪ್ಪಲ್ಲ.’

ರೇಣುಕಾ ಕ್ಯಾಮೆರಾ ಕೆಳಗಿಳಿಸಿ ನನ್ನನ್ನೇ ನೋಡುತ್ತಿದ್ದಳು. ಗೌರಮ್ಮನವರು ಕುರ್ಚಿಯ ಹಿಡಿಯ ಮೇಲೆ ಕೈಯಿಟ್ಟರು. ಬೈಯಲಿ, ಮನೆಯಿಂದ ಹೊರಗೆ ಹಾಕಲಿ ಎಂದು ನಾನು ಕಾದೆ.

‘ಹದಿಮೂರು ವರ್ಷ’ ಅಂದರು ಕೊನೆಗೆ. ‘ಆ ಫೋಟೋ ಒರಸಿದಾಗೊಮ್ಮೆ ಅವರಿಗೆ ಬೈದೀನಿ ನಾನು. ಯಾಕ ಅಷ್ಟು ಮೂಲಿಗೆ ಹೋಗಿ ಕುಂತ್ರಿ, ಮಗಳ ಬಾಜು ಕುಂದ್ರಾಕ ನಿಮಗೇನಾಗಿತ್ತು ಅಂತ.’

ಎದ್ದರು. ನನ್ನ ಮುಖ ನೋಡಲಿಲ್ಲ. ಗೋಡೆಯ ಮೇಲಿದ್ದ ಆ ಫೋಟೋದ ಹತ್ತಿರ ಹೋಗಿ, ಸೆರಗಿನಿಂದ ಎಡತುದಿಯ ಗಾಜನ್ನು ಒರೆಸಿ, ಅಲ್ಲಿದ್ದ ಕೈಗೆ ಹೇಳಿದರು:

‘ತಪ್ಪಾತ್ರೀ. ನಿಮ್ಮ ತಪ್ಪಲ್ಲಂತ.’